ಹತ್ತರಲ್ಲಿ ಆರು ಸಲ

ಷಡಕ್ಷರಿಗೆ ಸಿಟ್ಟು ಬರುವುದಕ್ಕೆ ಕಾರಣವೇ ಬೇಕಿಲ್ಲ ಎಂದು ಬಣಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಅವರ ಸಿಟ್ಟಿಗೆ ಯಾವಾಗಲೂ ಒಂದು ಕಾರಣವಿರುತ್ತಿತ್ತು, ಕಾರಣ ಹೆಚ್ಚಾಗಿ ನ್ಯಾಯವಾದದ್ದೇ ಆಗಿರುತ್ತಿತ್ತು. ಆದರೆ ಅದನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆ ಊರಲ್ಲಿ ಒಬ್ಬರಿಗೂ ಇರಲಿಲ್ಲ. ಕೇಳುವವರಿಲ್ಲದ್ದು ಅವರ ಸಿಟ್ಟಿಗೆ ಇನ್ನೊಂದು ಕಾರಣವಾಗಿತ್ತು.

ಇಪ್ಪತ್ತಾರು ವರ್ಷ ಅವರು ಕಲ್ಲುಹಳ್ಳ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಹಾಜರಿ, ಗೊಬ್ಬರ, ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗಳ ಲೆಕ್ಕವನ್ನೆಲ್ಲ ಬರೆಯುವ ಕೆಲಸ. ಆದರೆ ದಿನ ಶುರುವಾಗುತ್ತಿದ್ದುದು ಮಳೆಯಿಂದ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಂಗಳದಲ್ಲಿ ಹೂತಿಟ್ಟ ತಾಮ್ರದ ಮಳೆಮಾಪಕದ ಮುಚ್ಚಳ ತೆಗೆದು, ಒಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ನೇರಕ್ಕೆ ಹಿಡಿದು, ಇಷ್ಟು ಸೆಂಟು ಎಂದು ಮಳೆ ಪುಸ್ತಕದಲ್ಲಿ ಬರೆಯಬೇಕು. ನೂರು ಸೆಂಟಾದರೆ ಒಂದಿಂಚು. ಪುಸ್ತಕದ ಕೊನೆಗೆ ಷರಾ ಎಂಬ ಸಣ್ಣ ಕಾಲಂ. ಬೇರೆ ರೈಟರುಗಳು ಅದನ್ನು ಖಾಲಿ ಬಿಡುತ್ತಿದ್ದರು. ಷಡಕ್ಷರಿ ಬಿಡುತ್ತಿರಲಿಲ್ಲ. ಇಬ್ಬನಿ ಇತ್ತು, ಇಬ್ಬನಿ ಇಲ್ಲ, ಬೋಳುಗುಡ್ಡದ ಬಂಡೆಗಳು ಸ್ಪಷ್ಟ, ಮಂಜು, ಆಲಿಕಲ್ಲು, ನಾಲ್ಕೂವರೆಗೆ ಗುಡುಗು ಎಂದು ಇರುವೆ ಸಾಲಿನಂಥ ಅಕ್ಷರಗಳಲ್ಲಿ ತುಂಬುತ್ತಿದ್ದರು.

ತೊಂಬತ್ತಾರರಲ್ಲಿ ನಿವೃತ್ತಿಯಾದಾಗ ಬಣಕಲ್ ಬಸ್‌ಸ್ಟ್ಯಾಂಡಿನೆದುರು ಎಸ್‌ಟಿಡಿ ಬೂತ್ ಹಾಕಿದರು. ಪಕ್ಕದಲ್ಲೇ ಹೆಂಡತಿ ಸರೋಜಮ್ಮ ಚಹಾದ ಒಲೆ ಇಟ್ಟರು. ಬೂತಿನ ಹಿತ್ತಲಲ್ಲಿ ಸ್ವಂತದ್ದೊಂದು ಮಳೆಮಾಪಕ ಬಂತು. ದಿನಾ ಎಂಟು ಗಂಟೆಗೆ ತಮ್ಮದನ್ನು ಅಳೆದು, ಸುತ್ತಲಿನ ಆರು ಎಸ್ಟೇಟುಗಳಿಗೆ ಫೋನ್ ಹಚ್ಚಿ, "ನಿಮ್ಮಲ್ಲೆಷ್ಟು ಸೆಂಟು?" ಎಂದು ಕೇಳಿ, ಬೂತಿನ ಹೊರಗಿನ ಕರಿಹಲಗೆಯ ಮೇಲೆ ಬರೆಯುವರು. ಈ ಸೀಮೆಯ ಮಳೆಯ ಚಾಳಿಯೇ ಹಾಗೆ. ರಸ್ತೆಯ ಈಚೆಗೆ ಸುರಿದದ್ದು ಆಚೆಗೆ ಹನಿಯುವುದಿಲ್ಲ. ಹಾಗಾಗಿ ಜೀಪಿನಲ್ಲಿ ಹೋಗುವ ಪ್ಲಾಂಟರುಗಳು ಹಲಗೆಯೆದುರು ಗಾಡಿ ನಿಧಾನ ಮಾಡಿ, ಪಕ್ಕದವನ ತೋಟಕ್ಕೆಷ್ಟು ಬಿತ್ತೆಂದು ಓದಿ, ಹೊಟ್ಟೆಕಿಚ್ಚು ಪಟ್ಟುಕೊಂಡು ಮುಂದೆ ಹೋಗುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಷಡಕ್ಷರಿಯವರ ಬಿ.ಪಿ. ಸರಿಯಾಗಿರುತ್ತಿತ್ತು. ಆದರೆ ಆ ವರ್ಷಗಳಲ್ಲೇ ಬೆಂಗಳೂರಿನಿಂದ ಬೆನ್ನಿಗೆ ಚೀಲ ಕಟ್ಟಿಕೊಂಡ ಗುಂಪುಗಳು ಬರತೊಡಗಿದವು. ಬಣಕಲ್ಲಿನಲ್ಲಿ ಬಸ್ಸಿಳಿದು, ಪ್ಲಾಂಟರ್ ತಿಮ್ಮಪ್ಪಗೌಡರ ತೋಟದೊಳಗಿನ ದಾರಿ ಹಿಡಿದು, ದೇವರಮನೆ ಕಡೆಯ ಬೆಟ್ಟಸಾಲಿನ ಬೋಳುಗುಡ್ಡ ಹತ್ತುವರು. ಮೇಲೆ ಬರೀ ಹುಲ್ಲು. ಮೈಲಿಗಟ್ಟಲೆ ಹುಲ್ಲಿನ ನಡುವೆ ಒಂದೇ ಒಂದು ನೇರಳೆ ಮರ. ನೆರಳಿಗೆಂದು ಎಲ್ಲರೂ ಅದರ ಬುಡದಲ್ಲೇ ಟೆಂಟು ಹಾಕುತ್ತಿದ್ದರು. ಮಾರ್ಚ್, ಏಪ್ರಿಲಿನ ಸಿಡಿಲಿಗೂ ಇಡೀ ಗುಡ್ಡದಲ್ಲಿ ಆ ಮರವೇ ಬೇಕು ಎಂಬುದು ಷಡಕ್ಷರಿಗೆ ಗೊತ್ತಿತ್ತು. ಒಮ್ಮೆ ಅದರ ಕೆಳಗೆ ನಿಂತಿದ್ದ ನಾಲ್ಕು ದನ ಒಟ್ಟಿಗೆ ಸತ್ತದ್ದನ್ನು ಷರಾ ಕಾಲಂನಲ್ಲಿ ಬರೆದವರೇ ಅವರು.

ಬಂದವರು ಮನೆಗೊಂದು ಫೋನ್ ಮಾಡಿ, ಚಹಾ ಕುಡಿದು, "ಇವತ್ತು ಮಳೆ ಬರುತ್ತಾ ಸಾರ್?" ಎಂದು ಕೇಳುವರು. ರೇಡಿಯೋದವರನ್ನು ನಂಬುವಂತಿರಲಿಲ್ಲ. ಅವರು ವರ್ಷವಿಡೀ "ಮಲೆನಾಡಿನ ಒಂದೆರಡು ಕಡೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಆ ಒಂದೆರಡು ಕಡೆ ಯಾವುದಯ್ಯಾ ಎಂದು ಷಡಕ್ಷರಿ ರೇಡಿಯೋದ ಜೊತೆ ಬಾಯಿಬಿಟ್ಟು ಜಗಳವಾಡಿದ್ದುಂಟು. ಕೊನೆಗೆ ಒಂದು ಬೇಸಿಗೆ ಕೂತು, ತಾವು ನಕಲು ಮಾಡಿಟ್ಟುಕೊಂಡಿದ್ದ ಇಪ್ಪತ್ತಾರು ವರ್ಷದ ಮಳೆ ಪುಸ್ತಕಗಳನ್ನು ಹರಡಿಕೊಂಡು, ಮಾರ್ಚ್ ತಿಂಗಳ ಷರಾಗಳನ್ನು ಒಂದೊಂದಾಗಿ ಎಣಿಸಿದರು. ಬೆಳಿಗ್ಗೆ ಮಾಪಕದ ತಾಮ್ರದ ಅಂಚಿನ ಮೇಲೆ ಇಬ್ಬನಿ ಇಲ್ಲದೆ, ಬೋಳುಗುಡ್ಡದ ಬಂಡೆಗಳು ಎಣಿಸುವಷ್ಟು ಹತ್ತಿರ ಕಂಡರೆ, ಮಧ್ಯಾಹ್ನದ ಮೇಲೆ ಗುಡ್ಡದ ತಲೆಯಲ್ಲಿ ಗುಡುಗು. ಹತ್ತರಲ್ಲಿ ಆರು ಸಲ. ಅದರ ಮೇಲೆ ಹನ್ನೊಂದರ ಹೊತ್ತಿಗೆ ಗಾಳಿಯೂ ನಿಂತರೆ ಹತ್ತರಲ್ಲಿ ಎಂಟು ಸಲ. ಅವರ ಜೀವಮಾನದಲ್ಲಿ ಯಾರ ಸಹಾಯವೂ ಇಲ್ಲದೆ ಕಂಡುಕೊಂಡ ಸತ್ಯ ಅದೊಂದೇ.

ಅಂದಿನಿಂದ ಕರಿಹಲಗೆಯ ಕೆಳಗಿನ ಅರ್ಧದಲ್ಲಿ ಇನ್ನೊಂದು ಸಾಲು ಶುರುವಾಯಿತು. "ಇಂದು ಮಧ್ಯಾಹ್ನ ಬೋಳುಗುಡ್ಡದಲ್ಲಿ ಗುಡುಗು. ಹತ್ತರಲ್ಲಿ ಆರು. ಎರಡು ಗಂಟೆಗೆ ಮುಂಚೆ ಇಳಿಯಿರಿ."

ಹತ್ತರಲ್ಲಿ ಆರು ಎಂಬುದನ್ನು ಏನು ಮಾಡಬೇಕೆಂದು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ಷಡಕ್ಷರಿಗೆ ಆಮೇಲೆ ತಿಳಿಯಿತು. "ಬರುತ್ತೋ ಇಲ್ವೋ ಅದನ್ನ ಹೇಳಿ ಸಾರ್" ಎನ್ನುವರು ಚೀಲದವರು. ಆರು ಎಂದರೆ ಬರುತ್ತದೆ ಎಂದು ತಿಳಿದು ವಾಪಸು ಹೋದವರು, ಅವತ್ತು ಬಿಸಿಲು ಸುಟ್ಟುಹಾಕಿದರೆ, ಮುಂದಿನ ಸಲ ಬಂದು ಕಿಸಕ್ಕನೆ ನಗುವರು. ದಿಲೀಪ್ ಎಂಬ ಟ್ರೆಕ್ಕಿಂಗ್ ಕ್ಲಬ್ಬಿನ ಹುಡುಗನಿಗೆ ಎರಡು ಸಲ ಎಚ್ಚರಿಕೆ ಹೇಳಿದ್ದರು. ಎರಡು ಸಲವೂ ಹನಿ ಬಿದ್ದಿರಲಿಲ್ಲ. ಅವನು ಅಂದಿನಿಂದ ಅವರಿಗೆ 'ವೆದರ್ ಸಾರ್' ಎಂದು ಹೆಸರಿಟ್ಟುಬಿಟ್ಟ. ಉಳಿದ ನಾಲ್ಕು ಸಲ ನಿನ್ನ ಪಾಲಿಗೆ ಬಂದಿದೆ ಕಣಯ್ಯಾ, ಅದು ನನ್ನ ತಪ್ಪಲ್ಲ ಎಂದು ವಿವರಿಸಲು ಹೋದರೆ ಅವನಿಗೆ ಬಸ್ಸಿಗೆ ಹೊತ್ತಾಗುತ್ತಿತ್ತು.

ಇದನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಹಲಗೆಯನ್ನು ಪ್ಲಾಂಟರುಗಳೂ ಓದುತ್ತಾರೆಂಬುದನ್ನು ಷಡಕ್ಷರಿ ಮರೆತಿದ್ದರು.

ತೊಂಬತ್ತೊಂಬತ್ತರ ಫೆಬ್ರವರಿ ಕೊನೆ. ರೊಬಸ್ಟಾ ಕಾಫಿ ಗಿಡಗಳಲ್ಲಿ ಮೊಗ್ಗು ಕಾದು ಕೂತಿತ್ತು. ಅದಕ್ಕೆ ಹೂವಿನ ಮಳೆ ಒಂದಿಂಚಾದರೂ ಬೇಕು. ಬರಲೇ ಇಲ್ಲವೆಂದರೆ ಮೊಗ್ಗು ತಡೆದುಕೊಂಡಿರುತ್ತದೆ, ಪಂಪಿಟ್ಟು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಿದರೆ ಅರಳುತ್ತದೆ. ಅರೆಬರೆ ಮಳೆ ಬಂದರೆ ಮಾತ್ರ ಮೊಗ್ಗು ಮೋಸಹೋಗಿ, ಅರ್ಧ ಬಿರಿದು, ಅಲ್ಲೇ ಕರಟಿಹೋಗುತ್ತದೆ. ತಿಮ್ಮಪ್ಪಗೌಡರಿಗೂ ಪಕ್ಕದ ಸಿದ್ದಬಸಪ್ಪನವರಿಗೂ ಒಂದೇ ಕೆರೆ, ನೀರಿಗೆ ಪಾಳಿ. ಅಂದು ಗೌಡರ ಪಾಳಿ. ಹಲಗೆ ಓದಿದ ಗೌಡರು, ಹೇಗೂ ಮಳೆ ಬರುತ್ತದಲ್ಲ ಎಂದು, ದೊಡ್ಡ ಮನಸ್ಸು ಮಾಡಿ ಪಾಳಿಯನ್ನು ಸಿದ್ದಬಸಪ್ಪನವರಿಗೆ ಬಿಟ್ಟುಕೊಟ್ಟರು. ಮಳೆ ಬಂತು. ಹದಿನೆಂಟು ಸೆಂಟು.

ಮಾರನೆಯ ದಿನ ಗೌಡರ ಜೀಪು ಬೂತಿನೆದುರು ನಿಂತಿತು. ಬಸ್ಸಿಗೆ ಕಾಯುತ್ತಿದ್ದ ಮಂದಿಯೆಲ್ಲ ಕತ್ತು ತಿರುಗಿಸಿದರು.

"ಷಡಕ್ಷರಿಗಳೇ, ನಾಲ್ಕೆಕರೆ ಹೂ ಹೋಯ್ತು" ಎಂದರು ಗೌಡರು. ಜೋರಾಗಿ ಹೇಳಲಿಲ್ಲ. ಮೆಲ್ಲಗೆ ಹೇಳಿದ್ದರಿಂದಲೇ ಎಲ್ಲರಿಗೂ ಕೇಳಿಸಿತು.

"ಮಳೆ ಬಂತಲ್ಲ ಗೌಡ್ರೇ. ನಾ ಬರ್ದಿದ್ದು ಸುಳ್ಳಾಗ್ಲಿಲ್ಲ."

"ಹದಿನೆಂಟು ಸೆಂಟನ್ನ ಮಳೆ ಅಂತಾರಾ? ರೈಟರ್ ಆಗಿದ್ದವರು ನೀವು, ನಿಮಗೆ ಗೊತ್ತಿಲ್ವಾ?"

"ಅದು ನಿಮಗೆ ಬರ್ದಿದ್ದಲ್ಲ. ಗುಡ್ಡ ಹತ್ತೋರಿಗೆ ಬರ್ದಿದ್ದು. ಅವರಿಗೆ ಹದಿನೆಂಟು ಸೆಂಟೂ ಒಂದೇ, ಹದಿನೆಂಟು ಇಂಚೂ ಒಂದೇ. ಸಿಡಿಲು ಸೆಂಟು ನೋಡ್ಕೊಂಡು ಹೊಡೆಯಲ್ಲ."

"ಹಾಗಾದ್ರೆ ಗುಡ್ಡದ ಮೇಲೆ ಹೋಗಿ ಬರೀರಿ" ಎಂದರು ಗೌಡರು. "ಬಂದ ಮಳೆ ಅಳೆದು ಬರೆಯೋದು ನಿಮ್ಮ ಕೆಲಸ. ಬಾರದ ಮಳೆ ಬರೆಯೋಕೆ ನಿಮಗೆ ಯಾರು ಹೇಳಿದ್ದು?"

ಯಾರೋ ನಕ್ಕರು. ಷಡಕ್ಷರಿಗೆ ಮೈಯೆಲ್ಲ ಉರಿದುಹೋಯಿತು. ಹೆಗಲ ಮೇಲಿನ ಟವೆಲನ್ನು ಸರೋಜಮ್ಮನ ಬಕೆಟ್ಟಿಗೆ ಅದ್ದಿ, ಎಲ್ಲರೂ ನೋಡುತ್ತಿರುವಂತೆಯೇ ಹಲಗೆಯ ಕೆಳಗಿನ ಅರ್ಧವನ್ನು ಒರೆಸಿ, ನಡುವೆ ಒಂದು ಗೆರೆ ಎಳೆದರು. ಇನ್ನು ಮೇಲೆ ಗೆರೆಯ ಕೆಳಗೆ ಒಂದಕ್ಷರವೂ ಇಲ್ಲ, ಯಾರು ಹಾಳಾಗಿ ಹೋದರೂ ತಮಗೇನು ಎಂದುಕೊಂಡರು. ಹಾಗೆ ಅಂದುಕೊಂಡಾಗ ಸುಖವೆನಿಸಿದ್ದೂ ನಿಜ.

ಎರಡು ವಾರ ಕಳೆದು ಒಂದು ಶನಿವಾರ. ಅಂದು ಎಂಟು ಗಂಟೆಗೆ ಮಾಪಕದ ಮುಚ್ಚಳಕ್ಕೆ ಕೈಯಿಟ್ಟಾಗ ತಾಮ್ರದ ಅಂಚು ಒಣಗಿತ್ತು. ಷಡಕ್ಷರಿ ತಲೆಯೆತ್ತಿ ನೋಡಿದರು. ಬೋಳುಗುಡ್ಡದ ಬಂಡೆಗಳು ಹಿತ್ತಲಿನ ಬೇಲಿಯಾಚೆಗೇ ಇರುವಂತೆ ಕಂಡವು. ಒಳಗೆ ಹೋಗಿ ಆರು ಎಸ್ಟೇಟಿಗೆ ಫೋನ್ ಮಾಡಿದರು. ಗೌಡರ ಮನೆಯಲ್ಲಿ ಅವರ ಹೆಂಡತಿ ಕೃಷ್ಣಮ್ಮ ಎತ್ತಿ, "ಸೊನ್ನೆ" ಎಂದು ಹೇಳಿ ಇಟ್ಟುಬಿಟ್ಟರು. ಗೆರೆಯ ಮೇಲೆ ಏಳು ಸೊನ್ನೆಗಳನ್ನು ಸಾಲಾಗಿ ಬರೆದು, ಬಳಪವನ್ನು ಡ್ರಾಯರಿಗೆ ಎಸೆದರು.

ಒಂಬತ್ತೂವರೆ ಬಸ್ಸಿನಿಂದ ದಿಲೀಪನ ಗುಂಪು ಇಳಿಯಿತು. ಒಂಬತ್ತು ಜನ. ಮುಂದೆ ಬಂದದ್ದು ದಿವ್ಯಾ ಎಂಬ ಹುಡುಗಿ. ಹೋದ ಸಲವೂ ಬಂದಿದ್ದಳು. ಇಂಥವರಲ್ಲಿ ಹಲಗೆ ಪೂರ್ತಿ ಓದುವವಳು ಅವಳೊಬ್ಬಳೇ.

"ಇವತ್ತು ಹೇಗಿದೆ ಸಾರ್? ಕೆಳಗಡೆ ಏನೂ ಬರ್ದಿಲ್ಲ?"

ಷಡಕ್ಷರಿ ಬಿಲ್ಲಿನ ಮಿಷನ್ನಿಗೆ ಕಾಗದ ಸೇರಿಸುತ್ತಿದ್ದವರು ತಲೆಯೆತ್ತಲಿಲ್ಲ. "ನಾನು ಹೇಳೋದು ಬಿಟ್ಟಿದೀನಮ್ಮ. ಏನು ಬರ್ದಿದೆಯೋ ಅದನ್ನ ನೋಡ್ಕೊಳ್ಳಿ."

ದಿಲೀಪ್ ನಕ್ಕ. "ವೆದರ್ ಸಾರ್ ರಿಟೈರ್ ಆದ್ರು."

ದಿವ್ಯಾ ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದಳು. "ಎಲ್ಲಾ ಕಡೆ ಸೊನ್ನೆ" ಎಂದಳು. "ಸದ್ಯ, ಒಳ್ಳೇದಾಯ್ತು." ಸಮಾಧಾನದಿಂದ ಷಡಕ್ಷರಿಯ ಕಡೆ ನೋಡಿ ಮುಗುಳ್ನಕ್ಕಳು. ಅದು ನಿನ್ನೆಯ ಸೊನ್ನೆ, ಇವತ್ತಿಗೂ ಅದಕ್ಕೂ ಸಂಬಂಧವಿಲ್ಲ ಎನ್ನಲು ಅವರ ಬಾಯಿ ತೆರೆಯಿತು. ಅಷ್ಟರಲ್ಲಿ ದಿಲೀಪ್, "ರಾತ್ರಿ ನೇರಳೆ ಮರದ ಹತ್ರ ಕ್ಯಾಂಪು ಸಾರ್, ನೀವೂ ಬನ್ನಿ, ಮಳೆ ಅಳೀಬಹುದು" ಎಂದ. ಎಲ್ಲರೂ ನಕ್ಕರು. ಷಡಕ್ಷರಿ ಬಾಯಿ ಮುಚ್ಚಿದರು. ಗುಂಪು ತೋಟದ ದಾರಿ ಹಿಡಿಯಿತು.

ಸರೋಜಮ್ಮ ಲೋಟ ತೊಳೆಯುತ್ತಾ ಎಲ್ಲವನ್ನೂ ನೋಡಿದ್ದರು. "ಇಬ್ಬನಿ ಇತ್ತಾ ಬೆಳಿಗ್ಗೆ?" ಎಂದರು.

"ನಿನಗ್ಯಾಕೆ ಅದು?"

"ಇಲ್ಲ ಅಂತಾಯ್ತು. ಹೇಳಬಾರದಿತ್ತಾ?"

"ಹೇಳಿದ್ರೆ ಯಾರು ಕೇಳ್ತಾರೆ? ಆ ಹುಡುಗ ಕೇಳ್ತಾನಾ? ಎರಡು ಸಲ ಹೇಳಿ ನಗೆಪಾಟಲಾಗಿಲ್ವಾ ನಾನು?"

"ಕೇಳದೇ ಇರೋದು ಅವರ ಪಾಡು. ನೀವು ಹೇಳದೇ ಇದ್ದಿದ್ದು ಯಾಕೆ ಅಂತ ನಾನು ಕೇಳಿದ್ದು." ಸರೋಜಮ್ಮ ಮತ್ತೆ ಲೋಟಗಳ ಕಡೆ ತಿರುಗಿದರು. ಈ ಹೆಂಗಸಿನ ಜೊತೆ ಮೂವತ್ತು ವರ್ಷದಲ್ಲಿ ಒಂದು ವಾದವನ್ನೂ ಗೆಲ್ಲಲಾಗದಿದ್ದುದು ಷಡಕ್ಷರಿಯ ಇನ್ನೊಂದು ಹಳೆಯ ಸಿಟ್ಟು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಗಾಳಿ ನಿಂತಿತು. ಬಸ್‌ಸ್ಟ್ಯಾಂಡಿನ ಅರಳಿಮರದಲ್ಲಿ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಷಡಕ್ಷರಿ ಅಂಗಿಯ ಗುಂಡಿ ಬಿಚ್ಚಿಕೊಂಡು ಹೊರಗೆ ನಿಂತರು. ಹತ್ತರಲ್ಲಿ ಎಂಟು. ಈಗ ಹುಡುಗರು ತೋಟ ದಾಟಿ ಹುಲ್ಲಿಗೆ ಬಂದಿರುತ್ತಾರೆ. ಒಂದಕ್ಕೆ ಮರದ ಹತ್ತಿರ. ಎರಡಕ್ಕೆ ಟೆಂಟು ಹೊಡೆದು ಅನ್ನ ಬೇಯಿಸುತ್ತಿರುತ್ತಾರೆ. ಇನ್ನೂ ಎರಡು ಸಲ ಉಳಿದಿದೆಯಲ್ಲ, ಆ ಎರಡು ಸಲ ಇದೇ ಯಾಕಾಗಬಾರದು ಎಂದು ಮನಸ್ಸು ಹೇಳಿತು. ಜನರೆಲ್ಲ ತಮ್ಮ ಲೆಕ್ಕವನ್ನು ಹೀಗೇ ಓದುತ್ತಿದ್ದರು ಎಂಬುದು ನೆನಪಾಗಿ ಷಡಕ್ಷರಿಗೆ ತಮ್ಮ ಮೇಲೇ ಅಸಹ್ಯವಾಯಿತು.

ಹನ್ನೆರಡೂಕಾಲಿಗೆ ಬೋಳುಗುಡ್ಡದ ಹಿಂದೆ ಬಿಳಿ ಮೋಡದ ತಲೆ ಎದ್ದಿತು. ಹನ್ನೆರಡೂವರೆಗೆ ಅದರ ಹೊಟ್ಟೆ ಕಪ್ಪಾಯಿತು. ಷಡಕ್ಷರಿ ಒಳಗೆ ಓಡಿ ತಿಮ್ಮಪ್ಪಗೌಡರ ನಂಬರ್ ತಿರುಗಿಸಿದರು. ಗುಡ್ಡದ ಬುಡಕ್ಕೆ ಗೌಡರದೊಂದೇ ಮನೆ, ಮೇಲೆ ಹುಲ್ಲಿನವರೆಗೂ ಹತ್ತುವ ಜೀಪೂ ಅವರದೊಂದೇ.

ಎಂಗೇಜ್.

ಮತ್ತೆ ತಿರುಗಿಸಿದರು. ಎಂಗೇಜ್. ಸಿದ್ದಬಸಪ್ಪನವರದ್ದು ಎಂಗೇಜ್. ಕಲ್ಲುಹಳ್ಳ ಎಂಗೇಜ್. ಆಗ ಹೊಳೆಯಿತು. ಹೂವಿನ ಕಾಲದಲ್ಲಿ ಮೋಡದ ತಲೆ ಕಂಡ ಕೂಡಲೇ ಈ ಸೀಮೆಯ ಪ್ಲಾಂಟರುಗಳೆಲ್ಲ ಒಬ್ಬರಿಗೊಬ್ಬರು ಫೋನ್ ಹಚ್ಚುತ್ತಾರೆ. ನಿಮ್ಮ ಕಡೆ ಹೇಗಿದೆ, ಇತ್ತ ಕಪ್ಪಾಗಿದೆ, ಮೂಡಿಗೆರೆಯಲ್ಲಿ ಎರಡು ಹನಿ ಬಿತ್ತಂತೆ. ಮೋಡ ಚದುರುವವರೆಗೆ ಅಥವಾ ಸುರಿಯುವವರೆಗೆ ಮಾತು ನಿಲ್ಲುವುದಿಲ್ಲ. ತಾವೇ ಇಪ್ಪತ್ತಾರು ವರ್ಷ ಎಸ್ಟೇಟ್ ಆಫೀಸಿನಲ್ಲಿ ಕೂತು ಹಾಗೆ ಮಾಡಿದ್ದರು. ಇಡೀ ಬಣಕಲ್ ಎಕ್ಸ್‌ಚೇಂಜು ಮಳೆಯ ಮಾತಿನಲ್ಲಿ ತುಂಬಿಹೋಗಿತ್ತು, ಅದರಲ್ಲಿ ಒಂದು ಮಾತು ಸೇರಿಸಲು ಷಡಕ್ಷರಿಗೆ ಜಾಗವಿರಲಿಲ್ಲ.

ಮೂವತ್ತೈದು ನಿಮಿಷ ಅವರು ನಂಬರು ತಿರುಗಿಸಿದರು. ಫೋನ್ ಮಾಡಲು ಬಂದ ಒಬ್ಬ ಗಿರಾಕಿಯನ್ನು "ಹೋಗಿ ಮಾರಾಯ್ರೆ ಅತ್ಲಾಗೆ" ಎಂದು ಅಟ್ಟಿದರು. ಬೆರಳು ನೋಯತೊಡಗಿತು. ಗುಡ್ಡದ ಕಡೆಯಿಂದ ಮೊದಲ ಸಣ್ಣ ಗುಡುಗು ಕೇಳಿಸಿದಾಗ ಅವರಿಗೆ ಅಳು ಬರುವಂತಾಯಿತು. ಅದು ಸಿಟ್ಟಿನ ಅಳುವೇ, ಹೆದರಿಕೆಯದೇ ಎಂದು ಅವರಿಗೇ ತಿಳಿಯಲಿಲ್ಲ. ಒಂದು ಗಂಟೆ ಐದು ನಿಮಿಷಕ್ಕೆ ರಿಂಗಾಯಿತು. ಎತ್ತಿದ್ದು ಕೃಷ್ಣಮ್ಮ. ಗೌಡರು ಪಂಪ್‌ಹೌಸಿನಲ್ಲಿ. ಕರೆಯಬೇಕು. ಕರೆಯಲು ಆರು ನಿಮಿಷ.

"ಏನು ಷಡಕ್ಷರಿಗಳೇ, ಬರದೆ ಇರೋ ಮಳೆ ವಿಷ್ಯನಾ?" ಎಂದರು ಗೌಡರು.

"ಗೌಡ್ರೇ, ಬೋಳುಗುಡ್ಡದ ಮೇಲೆ ಒಂಬತ್ತು ಮಕ್ಕಳಿದಾರೆ. ಜೀಪು ಕಳ್ಸಿ ಇಳಿಸಿ."

"ಜೀಪಿದೆ. ಡ್ರೈವರ್ ಬೆಳ್ಳಿಯಪ್ಪ ಪಂಪಿನ ಹತ್ರ ಇದಾನೆ. ಇವತ್ತು ನನ್ನ ಪಾಳಿ. ಉಳಿದಿರೋ ಹೂವಿಗೆ ಇವತ್ತೇ ಕೊನೆ ನೀರು. ಪಂಪು ಅವನೊಬ್ಬನನ್ನ ಬಿಟ್ಟು ಬೇರೆಯವರ ಕೈಗೆ ಬಗ್ಗಲ್ಲ, ಗೊತ್ತಲ್ಲ ನಿಮಗೆ. ಅವನು ಗುಡ್ಡಕ್ಕೆ ಹೋದ್ರೆ ಇದು ನಿಂತ್ಹಾಗೆ. ಖಂಡಿತ ಬರುತ್ತಾ ಸಿಡಿಲು?"

ಖಂಡಿತ ಎಂದುಬಿಟ್ಟಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಷಡಕ್ಷರಿ ತಮ್ಮ ಲೆಕ್ಕ ಬಿಡಲಿಲ್ಲ. "ಹತ್ತರಲ್ಲಿ ಎಂಟು ಸಲ" ಎಂದರು.

"ಮತ್ತೆ ಅದೇ ಲೆಕ್ಕ" ಎಂದರು ಗೌಡರು.

"ನಾನು ಬೆಳಿಗ್ಗೆ ನೋಡಿದ್ದೆ ಗೌಡ್ರೇ" ಎಂದರು ಷಡಕ್ಷರಿ. "ಇಬ್ಬನಿ ಇರ್ಲಿಲ್ಲ. ಆ ಹುಡುಗಿ ಬಾಯಿಬಿಟ್ಟು ಕೇಳಿದ್ಲು. ನಿಮ್ಮ ಮೇಲಿನ ಸಿಟ್ಟಿಗೆ ನಾನು ಹೇಳ್ಲಿಲ್ಲ. ಸೊನ್ನೆ ನೋಡಿ ನಂಬ್ಕೊಂಡು ಹೋದ್ರು. ನಿಮ್ಮ ಹೂ ಹೋದ್ರೆ ನನ್ನನ್ನ ಬಸ್‌ಸ್ಟ್ಯಾಂಡಲ್ಲಿ ಇನ್ನೊಂದ್ಸಲ ಬೈಯಿರಿ. ಈಗ ಜೀಪು ಕಳ್ಸಿ."

ಗೌಡರು ರಿಸೀವರನ್ನು ಮೇಜಿನ ಮೇಲೆ ಹಾಗೇ ಇಟ್ಟ ಸದ್ದಾಯಿತು. ದೂರದಲ್ಲಿ "ಬೆಳ್ಳಿಯಪ್ಪಾ" ಎಂದು ಕೂಗಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ, ಅದುವರೆಗೂ ಫೋನಿನೊಳಗೆ ಹಿನ್ನೆಲೆಯಲ್ಲಿ ಡುಗುಡುಗು ಎನ್ನುತ್ತಿದ್ದ ಪಂಪು ನಿಂತಿತು.

ಜೀಪು ಒಂಬತ್ತು ಜನರನ್ನು ತುಂಬಿಕೊಂಡು ಬೂತಿನೆದುರು ನಿಂತಾಗ ನಾಲ್ಕೂಕಾಲು. ಷಡಕ್ಷರಿ ಇಳಿಯುತ್ತಿದ್ದ ತಲೆಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

ದಿಲೀಪನ ಮುಖ ಕೆಂಪಗಾಗಿತ್ತು. "ಏನ್ ಸಾರ್ ಇದು? ಅನ್ನ ಅರ್ಧ ಬೆಂದಿತ್ತು. ಇವರು ಬಂದು ಹಾರ್ನ್ ಹೊಡೆದು, ಬೈದು, ಮಕ್ಕಳನ್ನ ಎತ್ತಾಕ್ಕೊಂಡ್ಹಾಗೆ ಎತ್ತಾಕ್ಕೊಂಡು ಬಂದ್ರು. ಒಂದು ಟೆಂಟು ಅಲ್ಲೇ ಉಳೀತು, ಬಾಡಿಗೆ ಟೆಂಟದು. ಆಕಾಶ ನೋಡಿ. ಎಲ್ಲಿದೆ ಮಳೆ?"

ಬಣಕಲ್ಲಿನ ನೆತ್ತಿಯ ಮೇಲೆ ಬಿಸಿಲಿತ್ತು. ಮೋಡ ಗುಡ್ಡದ ಮೇಲೆ ಮಾತ್ರ ಕವುಚಿಕೊಂಡಿತ್ತು. ಸರೋಜಮ್ಮ ಕೇಳದೆಯೇ ಒಂಬತ್ತು ಲೋಟ ಚಹಾ ಕೊಟ್ಟರು. ಐದಕ್ಕೆ ಐದು ನಿಮಿಷವಿದ್ದಾಗ ಗುಡ್ಡದ ಕಡೆ ಫಳ್ಳೆಂದು ಒಂದು ಬೆಳಕು, ಬೆನ್ನಿಗೇ ಒಂದು ಸಿಡಿಲು. ಲೋಟಗಳು ಅದುರಿದವು. ದಿವ್ಯಾ ಕಿವಿ ಮುಚ್ಚಿಕೊಂಡಳು. ಎಲ್ಲರೂ ಇನ್ನೊಂದಕ್ಕೆ ಕಾದರು. ಇನ್ನೊಂದು ಬರಲಿಲ್ಲ. ಹನಿಯೂ ಬೀಳಲಿಲ್ಲ. ಮೋಡ ತನಗೇನೂ ಗೊತ್ತಿಲ್ಲವೆಂಬಂತೆ ಚಾರ್ಮಾಡಿಯ ಕಡೆ ಸರಿದುಹೋಯಿತು.

"ಇಷ್ಟೇನಾ?" ಎಂದ ದಿಲೀಪ್. ಆರೂವರೆ ಬಸ್ಸು ಹತ್ತುವಾಗ ಅವನು ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಎಂಟು ಗಂಟೆ. ತಮ್ಮ ಮಾಪಕದಲ್ಲಿ ಸೊನ್ನೆ. ಕಲ್ಲುಹಳ್ಳ ಸೊನ್ನೆ. ಸಿದ್ದಬಸಪ್ಪ ಸೊನ್ನೆ. ಗೌಡರ ನಂಬರು ತಿರುಗಿಸುವ ಮುನ್ನ ಷಡಕ್ಷರಿ ಒಂದು ಲೋಟ ನೀರು ಕುಡಿದರು. ಗೌಡರೇ ಎತ್ತಿದರು.

"ಸೊನ್ನೆ ಷಡಕ್ಷರಿಗಳೇ" ಎಂದರು. "ಪಂಪೂ ಸೊನ್ನೆ, ಮಳೆನೂ ಸೊನ್ನೆ. ಇವತ್ತಿಂದ ಸಿದ್ದಬಸಪ್ಪನ ಪಾಳಿ. ಬರ್ಕೊಳ್ಳಿ." ಬೈಗುಳವಿರಲಿಲ್ಲ. ದಣಿವಿತ್ತು. ಬೈದಿದ್ದರೇ ವಾಸಿಯಾಗಿತ್ತು ಎನಿಸಿತು ಷಡಕ್ಷರಿಗೆ. ಹಲಗೆಯ ಮೇಲೆ ಮತ್ತೆ ಏಳು ಸೊನ್ನೆ ಬರೆದರು. ಎಚ್ಚರಿಕೆ ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು, ಕಾಪಾಡಿದರೂ ತಪ್ಪು. ಈ ಮೋಡಕ್ಕೆ ಒಂದೇ ಒಂದು ದಿನ ತಮ್ಮ ಮಾನ ಉಳಿಸಬೇಕೆಂದು ಅನ್ನಿಸಬಾರದೇ ಎಂದುಕೊಂಡರು.

ಹನ್ನೊಂದರ ಹೊತ್ತಿಗೆ ಬೆಳ್ಳಿಯಪ್ಪ ಬಂದ. ಉಳಿದ ಟೆಂಟನ್ನು ತರಲು ಗೌಡರೇ ಅವನನ್ನು ಗುಡ್ಡಕ್ಕೆ ಕಳಿಸಿದ್ದರು. ಅವನು ಬೆನ್ನಿನ ಗಂಟನ್ನು ಬೂತಿನ ನೆಲದ ಮೇಲೆ ಇಳಿಸಿ ಬಿಚ್ಚಿದ. ನೀಲಿ ಬಟ್ಟೆಯಲ್ಲಿ ತಟ್ಟೆಯಗಲದ ತೂತು, ಅಂಚೆಲ್ಲ ಕರಗಿ ಗಟ್ಟಿಯಾಗಿತ್ತು. ಅಲ್ಯೂಮಿನಿಯಂ ಕೋಲು ನಡುವೆ ಸೀಳಿತ್ತು. ಒಳಗೆ ಹಾಸಿದ್ದ ಜಮಖಾನ ಉದ್ದಕ್ಕೂ ಸುಟ್ಟು ಕಪ್ಪಾಗಿತ್ತು.

"ನೇರಳೆ ಮರ ಬುಡದವರೆಗೆ ಸೀಳಿದೆ ಸ್ವಾಮಿ" ಎಂದ ಬೆಳ್ಳಿಯಪ್ಪ. "ಹುಲ್ಲು ಒದ್ದೆನೇ ಆಗಿಲ್ಲ. ಒಂದು ಹನಿ ಬಿದ್ದಿಲ್ಲ ಅಲ್ಲಿ."

ಸರೋಜಮ್ಮ ಬಂದು ನೋಡಿದರು. ಸೀಳಿದ ಕೋಲನ್ನು ಮುಟ್ಟಲು ಕೈಚಾಚಿ ಹಿಂದಕ್ಕೆ ತೆಗೆದುಕೊಂಡರು. ಅದೇ ಹೊತ್ತಿಗೆ ಫೋನ್ ಹೊಡೆದುಕೊಂಡಿತು.

"ಸಾರ್, ನಾನು ದಿಲೀಪ್, ಬೆಂಗಳೂರಿಂದ. ಆ ಟೆಂಟು ಸಿಕ್ತಾ? ನಾಳೆನೇ ವಾಪಸ್ ಕೊಡ್ಬೇಕು ಅದನ್ನ."

ಈ ಹುಡುಗನಿಗೆ ಹೇಳಲೆಂದು ಷಡಕ್ಷರಿ ರಾತ್ರಿಯಿಡೀ ಮಾತು ಜೋಡಿಸಿಕೊಂಡಿದ್ದರು. ಈಗ ಅದರಲ್ಲಿ ಒಂದೂ ನೆನಪಾಗಲಿಲ್ಲ. "ಅದು ಯಾರ ಟೆಂಟು?" ಎಂದು ಕೇಳಿದರು.

"ಹುಡುಗೀರದು. ದಿವ್ಯಾ, ಸುಪ್ರಿಯಾ, ಸೌಂದರ್ಯ. ಯಾಕೆ ಸಾರ್?"

"ಐದು ಗಂಟೆಗೆ ಅವರು ಎಲ್ಲಿರ್ತಿದ್ರು?"

"ಒಳಗೇ ಇರ್ತಿದ್ರು. ಬಸ್ಸಲ್ಲಿ ನಿದ್ದೆ ಆಗಿಲ್ಲ, ಊಟ ಮಾಡಿ ಮಲಗ್ತೀವಿ ಅಂದಿದ್ರು. ಯಾಕೆ ಕೇಳ್ತಿದೀರಿ?"

ಷಡಕ್ಷರಿ ತಮ್ಮ ಕಣ್ಣೆದುರು ನೆಲದ ಮೇಲಿದ್ದದ್ದನ್ನು ಒಂದೊಂದಾಗಿ ಹೇಳಿದರು. ತೂತು ಎಷ್ಟಗಲ, ಕೋಲು ಎಲ್ಲಿ ಸೀಳಿದೆ, ಜಮಖಾನ ಎಷ್ಟುದ್ದ ಸುಟ್ಟಿದೆ. ಇಪ್ಪತ್ತಾರು ವರ್ಷ ಮಳೆ ಅಳೆದವರು ಅಳೆದಂತೆಯೇ ಹೇಳಿದರು. ಈಗಲಾದರೂ ಇವನಿಗೆ ಅರ್ಥವಾಯಿತು ಎಂದುಕೊಂಡರು ಷಡಕ್ಷರಿ.

"ಸಾರ್" ಎಂದ ದಿಲೀಪ್. ದನಿ ಸಣ್ಣಗಾಗಿತ್ತು. ಅದರಲ್ಲಿ ಕುಹಕವಿರಲಿಲ್ಲ, ಕೊಂಕಿರಲಿಲ್ಲ. "ಆದ್ರೆ ಬೆಳಿಗ್ಗೆ ನೀವು ಹೇಳ್ಲೇ ಇಲ್ವಲ್ಲ ಸಾರ್. ದಿವ್ಯಾ ಕೇಳಿದ್ಲು."

"ಹೌದು" ಎಂದರು ಷಡಕ್ಷರಿ. "ಕೇಳಿದ್ಲು. ನಾನು ಹೇಳ್ಲಿಲ್ಲ."

ಫೋನಿಟ್ಟು ಅವರು ಡ್ರಾಯರಿನಿಂದ ಮಳೆ ಪುಸ್ತಕ ತೆಗೆದರು. ಆ ದಿನದ ಸಾಲಿನಲ್ಲಿ ಮಳೆಯ ಕಾಲಂನಲ್ಲಿ ಬೆಳಿಗ್ಗೆಯೇ ಬರೆದಿದ್ದ ಸೊನ್ನೆ ಹಾಗೇ ಇತ್ತು. ಷರಾ ಕಾಲಂ ಖಾಲಿಯಿತ್ತು. ಅದರಲ್ಲಿ ಬರೆದರು: "ನಿನ್ನೆ ಇಬ್ಬನಿ ಇರಲಿಲ್ಲ. ಬಂಡೆಗಳು ಸ್ಪಷ್ಟ. ಐದಕ್ಕೆ ಐದು ನಿಮಿಷವಿರುವಾಗ ನೇರಳೆ ಮರಕ್ಕೆ ಸಿಡಿಲು. ಗೊತ್ತಿತ್ತು, ಹೇಳಲಿಲ್ಲ."

ಸೋಮವಾರ ಬೆಳಿಗ್ಗೆಯೂ ತಾಮ್ರದ ಅಂಚು ಒಣಗಿಯೇ ಇತ್ತು. ಷಡಕ್ಷರಿ ಹಲಗೆಯ ನಡುವಿನ ಗೆರೆಯನ್ನು ಒರೆಸಿ, ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದಾಗ ಬೆನ್ನ ಹಿಂದೆ ಜೀಪು ನಿಂತ ಸದ್ದಾಯಿತು. ತಿರುಗಿ ನೋಡಲಿಲ್ಲ. ಹತ್ತರಲ್ಲಿ ಆರು ಎಂದು ಬರೆದು ಮುಗಿಸಿದರು.

"ಮತ್ತೆ ಶುರುನಾ?" ಎಂದರು ತಿಮ್ಮಪ್ಪಗೌಡರು.

"ಶುರು."

"ಇದನ್ನ ಓದಿ ನಾನು ಇನ್ನೊಂದ್ಸಲ ನೀರಿನ ಪಾಳಿ ಬಿಟ್ಟುಕೊಡಲ್ಲ."

"ಕೊಡಬೇಡಿ" ಎಂದರು ಷಡಕ್ಷರಿ. "ಜೀಪಿಗೆ ಮಾತ್ರ ಡೀಸೆಲ್ ಹಾಕಿಟ್ಟಿರಿ."